ಆಷಾಢದ ಗಿರಾಕಿ

ವೈಶಾಖದಲ್ಲಿ ಹೋಗಿ ಕೇಳಿದಾಗ
ಅಮರೇಗೌಡ ಕುರ್ಚಿಯಿಂದ ಏಳಲೂ ಇಲ್ಲ.
"ಭತ್ತದ ರೊಕ್ಕ ಇನ್ನೂ ಬಿಸಿ ಐತಕ್ಕ,
ಕ್ಯಾಂಪಿನ ಮಂದಿ ಮುಂಜಾನೆ ನೋಡಿ ಮಧ್ಯಾಹ್ನ ಒಯ್ತಾರ.
ಎಂಟೂವರೆ. ಮ್ಯಾಲೆ ಮಾತಿಲ್ಲ."

ಅರ್ಧ ಕಾರು, ಅರ್ಧ ಜೀಪು,
ನನಗೆ ಬೇಕಾದದ್ದು ಅಂಥದೇ.
ಕಾಲುವೆ ದಂಡೆಯ ಹಾದಿಗೆ ಹೊಟ್ಟೆ ತಾಗಬಾರದು,
ಗಲ್ಲಿಯ ತಿರುವಿನಲ್ಲಿ ಸೊಂಟ ಸಿಕ್ಕಿಕೊಳ್ಳಬಾರದು,
ಹಿಂದೆ ಎರಡು ಪೆಟ್ಟಿಗೆ, ಒಂದು ನಿಲುಗನ್ನಡಿ,
ನೆರಿಗೆ ಹಿಡಿದಿಟ್ಟ ಧಾರೆ ಸೀರೆ
ಮಡಿಕೆ ಕೆಡದೆ ಮಲಗಬೇಕು.

ನಾನು ಸೂಗಮ್ಮ. ಬೋರ್ಡಿನ ಮೇಲೆ ಮಾತ್ರ ಸುಗಮ.
ಹನ್ನೊಂದು ವರ್ಷದಿಂದ ಸಿಂಧನೂರಿನ ಸುತ್ತ
ಮದುಮಗಳ ಮುಖ ಬರೆಯುವವಳು.

ಲಾಡ್ಲೇಸಾಬ ಯಾರದೋ ಟೆಂಪೋದ ಕೆಳಗಿಂದಲೇ,
ಕಾಲೆರಡಷ್ಟೇ ಕಾಣುವಂತೆ, ಹೇಳಿದ:
"ಯಾರಿಗೂ ಬ್ಯಾಡಾದಾಗ ಕೊಳ್ಳಬೇಕು ಗಾಡಿ.
ದೀಪಾವಳಿಗೆ ಆ ಕಡೆ ತಲೀನೂ ಹಾಕಬ್ಯಾಡ.
ರೊಕ್ಕೆಲ್ಲ ಸಸಿ ಮಡಿಗೆ ಹೋಗಿರ್ತಾವಲ್ಲ, ಆವಾಗ,
ತಿಂಗಳ ಕಡೀಗೆ, ಅವನಿಗೆ ಜಾಗದ ಬಾಡಿಗಿ ನೆನಪಾಗೋ ಹೊತ್ತಿಗೆ.
ಆಷಾಢದ ಶನಿವಾರಂತೂ ಕಬ್ಬಿಣ ಮುಟ್ಟವರಿಲ್ಲ.
ಅವತ್ತು ಹೋಗು.
ಒಂದ ರೇಟು ಹೇಳು. ಆಮ್ಯಾಲೆ ಬಾಯಿ ಮುಚ್ಚು."

ಆದರೆ ಆಷಾಢಕ್ಕೆ ಲಗ್ನವಿಲ್ಲ.
ಗಾಡಿ ಇಳಿಯುವ ತಿಂಗಳಲ್ಲೇ ನನ್ನ ಕೈ ಬರಿದು,
ಕೈ ತುಂಬುವ ತಿಂಗಳಲ್ಲಿ ಗಾಡಿ ಗಗನ.
ಈ ಗಂಟು ಬಿಚ್ಚಲು ಮೂರು ವರ್ಷ ಹಿಡಿಯಿತು:
ಪ್ರತಿ ಧಾರೆಗೆ ಎರಡೆರಡು ಸಾವಿರ
ಪೌಡರಿನ ಡಬ್ಬಿಗೆ. ಉಳಿದದ್ದು ಸಂಘದ ಸಾಲ.

ಆ ಶನಿವಾರ ಅಮರೇಗೌಡ ಎದ್ದು ನಿಂತ.
ಚಹಾ ಬಂತು. ಫ್ಯಾನು ನನ್ನ ಕಡೆ ತಿರುಗಿತು.
ಜಾಲಿಯ ನೆರಳಿನಲ್ಲಿ ಹದಿನೆಂಟು ಗಾಡಿ,
ಗಾಜಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು.
ಬಿಳಿಯದೊಂದು. ಇಪ್ಪತ್ತು ಸಾವಿರವೂ ಓಡಿಲ್ಲ.
ಲಾಡ್ಲೇಸಾಬ ಆಯಿಲ್ ಮೂಸಿದ, ಟೈರಿನ ಅಂಕಿ ಓದಿದ,
ಬಾನೆಟ್ಟಿನ ಬೋಲ್ಟಿಗೆ ಉಗುರು ತಾಗಿಸಿ
ಪಾನಾ ಬಿದ್ದಿಲ್ಲವೆಂದು ತಲೆಯಾಡಿಸಿದ.
"ಏಳು" ಅಂದ ಗೌಡ.
"ಆರು" ಅಂದೆ ನಾನು.

ಅಂದು, ಹಿಂದಿನ ಸೀಟಿನಲ್ಲಿ ಕೂತು
ಅಗಲ ಅಳೆಯುತ್ತಿದ್ದೆ. ಸೀಟಿನ ಸಂದಿಯಲ್ಲಿ
ಬೆರಳಿಗೆ ಏನೋ ಚುಚ್ಚಿತು.
ತಲೆಪಿನ್ನು. ಕೆಂಪು ದಾರ ಸುತ್ತಿದ್ದು.

ಈ ದಾರ ಸುತ್ತುವವಳು ನಾನು.
ಮುಡಿಗೆ ನಲವತ್ತು ಹೋದರೆ ನಲವತ್ತು ಮರಳಬೇಕು.
ಜವಳಗೇರಾ ಕಡೆಯ ಲಗ್ನವೊಂದರಲ್ಲಿ ಮೂವತ್ತೊಂಬತ್ತು ಬಂದವು.
ಎಡಗೆನ್ನೆಗೆ ಗುಳಿ ಬೀಳುವ ಹುಡುಗಿ,
ಕಾಡಿಗೆ ಹಚ್ಚುವಾಗ ನಕ್ಕು ನಕ್ಕು
ಎರಡು ಸಲ ಗೆರೆ ಕೆಡಿಸಿದವಳು.
ಹೊರಗೆ ಬಿಳಿ ಗಾಡಿಗೆ ಗುಲಾಬಿ ಕಟ್ಟುತ್ತಿದ್ದರು,
ಬೆಳ್ಳಿ ತಟ್ಟೆಯಲ್ಲಿ ಕೀಲಿ.

"ಯಾರದಿದು?"
"ಒಂದೇ ಓನರ್ ಅಕ್ಕ. ಎಂಟು ತಿಂಗಳಿಗೆ
ಹುಡುಗಿ ವಾಪಸ್ ಬಂದ್ಲಂತ. ಗಾಡೀನೂ ಬಂತು.
ಅಂಗಳದಾಗ ಇದನ್ನ ನೋಡಾಕ ಆಗವಲ್ದಂತ ಅವರಪ್ಪಗ."

ನನಗೆ ಮಾತು ಹೊರಡಲಿಲ್ಲ.

"ಆತು ಬಿಡು, ಆರು ಅರವತ್ತು."

ಗಾಜಿನ ಧೂಳಿನಾಚೆ ಲಾಡ್ಲೇಸಾಬ
ಹೆಬ್ಬೆರಳು ಎತ್ತಿ ತೋರಿಸಿದ.

"ಆರು ನಲವತ್ತು. ನೀ ಏನಾರ ಅನ್ನು ಮಾರಾಯ್ತಿ."

ಬೆರಳ ತುದಿಯಲ್ಲಿ ಒಂದು ಹನಿ ರಕ್ತ. ಒರೆಸಿಕೊಂಡೆ.

"ಆರು ಹತ್ತು! ಇಂಥ ಗಟ್ಟಿ ಗಿರಾಕಿನ
ನನ್ನ ಜನ್ಮದಾಗ ಕಂಡಿಲ್ಲ."

ಸಹಿ ಹಾಕಿದೆ. ನಿಂಬೆಹಣ್ಣಿಗೂ ನಿಲ್ಲಲಿಲ್ಲ.

ಈಗ ಪೆಟ್ಟಿಗೆಯಲ್ಲಿ ನಲವತ್ತು ಇವೆ.
ಶ್ರಾವಣದಿಂದ ಆರು ಲಗ್ನ ಮುಗಿಸಿ ಬಂದೆ.
ಜವಳಗೇರಾ ತಿರುವು ಬಂದಾಗ ಮಾತ್ರ
ಕೈ ತಾನಾಗಿ ಗೇರನ್ನು ಎರಡಕ್ಕೆ ಇಳಿಸುತ್ತದೆ.
ಪಕ್ಕದಲ್ಲಿದ್ದರೆ ಲಾಡ್ಲೇಸಾಬ ಕೇಳುತ್ತಾನೆ:
"ಯಾಕಕ್ಕ, ಕ್ಲಚ್ ಏನಾರ ತ್ರಾಸ ಕೊಡ್ತೈತೇನು?"